ಡ್ರೋನಿನ ವಿಡಿಯೊ ಕಂಪ್ಯೂಟರಿಗೆ ಹಾಕಿದರೆ ಮಬ್ಬು: ಕೆರೆ ಕೋಡಿ ಬಿದ್ದ ದೃಶ್ಯ ಉಳಿಸಿಕೊಳ್ಳಬೇಕು, ಸಹಾಯ ಮಾಡಿ

ಏರಿಯ ಟೀಚರ್ · ಬುಧವಾರ ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯ ಶಿಕ್ಷಕಿ. ನಮ್ಮೂರ ಕೆರೆ 2005ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು ಕಳೆದ ಭಾನುವಾರವೇ. ನನ್ನ ತರಗತಿಯ ಒಂದು ಮಗುವೂ ಆ ಕೆರೆ ತುಂಬಿದ್ದನ್ನು ಕಂಡಿರಲಿಲ್ಲ. ಕೋಡಿಕಲ್ಲಿನ ಮೇಲೆ ಕೆಂಪು ನೀರು ಹಾಯುವಾಗ ಹುಡುಗರು ಸೀರೆ ತುಂಡು ಹಿಡಿದು ಮೀನಿಗೆ ನಿಂತಿದ್ದರು, ಹೆಂಗಸರು ಮೊರದಲ್ಲಿ ಬಾಗಿನ ತಂದು ಗಂಗಾಪೂಜೆ ಮಾಡಿದರು.

ಬೆಂಗಳೂರಿನಿಂದ ಬಂದಿದ್ದ ನನ್ನ ತಮ್ಮ ತನ್ನ ಡ್ರೋನ್ ತಂದಿದ್ದ, ಡಿಜೆಐ ಮಿನಿ 2. ರಿಮೋಟಿಗೆ ನನ್ನ ಮೊಬೈಲನ್ನೇ ಸಿಕ್ಕಿಸಿ ಮೂರು ಸಲ ಹಾರಿಸಿದ. ಸೋಮವಾರ ಮುಂಜಾನೆಯ ಬಸ್ಸಿಗೆ ಹೋಗುವಾಗ ಡ್ರೋನನ್ನು ನನ್ನ ಕೈಗಿತ್ತು, "ಅಕ್ಕ, ನೀನೇ ಕಂಪ್ಯೂಟರಿಗೆ ಹಾಕಿಕೋ" ಎಂದು ಹೇಳಿ ಹೋದ. ಅವನದು ರಾತ್ರಿ ಪಾಳಿ, ಫೋನಿಗೆ ಸಿಗುವುದು ಕಷ್ಟ.

ಮೊಬೈಲಿನಲ್ಲಿದ್ದ ವಿಡಿಯೊಗಳನ್ನು ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ಎಳೆದುಕೊಂಡೆ. ಪರದೆ ತುಂಬ ಹಿಗ್ಗಿಸಿದರೆ ಎಲ್ಲವೂ ಮಬ್ಬು. ಏರಿಯ ಮೇಲೆ ನಿಂತವರ ಗುರುತು ಸಿಗುವುದಿಲ್ಲ. ನಡುನಡುವೆ ಚಿತ್ರ ಹಾರಿ ಹೋಗುತ್ತದೆ. ಡ್ರೋನಿಗೇ ಕೇಬಲ್ ಹಾಕಿ ನೋಡಿದೆ, ಲ್ಯಾಪ್‌ಟಾಪಿನಲ್ಲಿ ಏನೂ ತೋರಿಸಲಿಲ್ಲ.

ಶನಿವಾರ ಸಂಜೆ ಶಾಲೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ ಇದನ್ನು ಊರಿಗೆಲ್ಲ ತೋರಿಸುತ್ತೇವೆಂದು ಮಾತು ಕೊಟ್ಟಿದ್ದೇನೆ. ಏರಿ ಹತ್ತಲಾಗದ ವಯಸ್ಸಾದವರು ತುಂಬ ಜನ ಇದ್ದಾರೆ. ಡ್ರೋನ್ ತೆಗೆದದ್ದೇ ಇಷ್ಟು ಮಬ್ಬೋ, ನಾನು ತೆಗೆದುಕೊಂಡ ರೀತಿ ತಪ್ಪೋ, ದಯವಿಟ್ಟು ತಿಳಿಸಿ.

ಮದುವೆ ಕ್ಯಾಮೆರಾ · ಬುಧವಾರ ರಾತ್ರಿ 9.32

ಮೇಡಂ, ಮೊದಲು ಒಂದು ಮಾತು. ಇದನ್ನು ಓದಿದ ಮೇಲೆ ಆ ಡ್ರೋನನ್ನು ಹಾರಿಸಬೇಡಿ, ಅದರೊಳಗಿನ ಕಾರ್ಡಿನಿಂದ ಏನನ್ನೂ ಅಳಿಸಬೇಡಿ. ನಿಮ್ಮ ದೃಶ್ಯಗಳು ಕ್ಷೇಮವಾಗಿವೆ ಎಂದೇ ನನ್ನ ನಂಬಿಕೆ. ನೀವು ಹುಡುಕಿದ ಜಾಗ ಮಾತ್ರ ಬೇರೆ.

ಡ್ರೋನ್ ಮೇಲಿರುವಾಗ ನಿಮ್ಮ ಮೊಬೈಲಿನ ಪರದೆಗೆ ಚಿತ್ರ ಬರುತ್ತದಲ್ಲ, ಅದು ಗಾಳಿಯಲ್ಲಿ ರೇಡಿಯೊ ಮೂಲಕ ಬರುವ ಸಣ್ಣ ಚಿತ್ರ. ಹಾರಿಸುವವರಿಗೆ ದಾರಿ ಕಾಣಲಿ ಎಂದು ಕಳಿಸುವಂಥದ್ದು. ಆ್ಯಪ್ ಅದನ್ನೇ ಮೊಬೈಲಿನಲ್ಲಿ ಉಳಿಸಿಡುತ್ತದೆ. ಅದರ ಅಳತೆ 1280ಕ್ಕೆ 720. ಸಂಪರ್ಕ ಒಂದು ಕ್ಷಣ ತಪ್ಪಿದರೂ ಚಿತ್ರ ಹಾರುತ್ತದೆ. ನೀವು ಕಂಡದ್ದು ಅದೇ. ನಿಜವಾದ ವಿಡಿಯೊ ಡ್ರೋನಿನ ಹಿಂಭಾಗದ ಸಣ್ಣ ಕಿಂಡಿಯಲ್ಲಿರುವ ಮೈಕ್ರೊ ಎಸ್‌ಡಿ ಕಾರ್ಡಿನಲ್ಲಿದೆ. 4ಕೆ ಇಟ್ಟು ತೆಗೆದಿದ್ದರೆ ಅಳತೆ 3840ಕ್ಕೆ 2160. ಗುಣಿಸಿ ನೋಡಿ, ಮೊಬೈಲಿನ ಚಿತ್ರದ ಸರಿಯಾಗಿ ಒಂಬತ್ತು ಪಟ್ಟು ಚುಕ್ಕೆಗಳು.

ಬ್ಯಾಟರಿ ಕೂರುವ ಹಿಂಬದಿಯಲ್ಲಿ, ಚಾರ್ಜಿಂಗ್ ಕಿಂಡಿಯ ಪಕ್ಕದಲ್ಲೇ ಕಾರ್ಡ್ ಇದೆ. ಡ್ರೋನ್ ಆಫ್ ಆಗಿರುವಾಗ ಉಗುರಿನಿಂದ ಒಳಕ್ಕೆ ಒತ್ತಿದರೆ ಕ್ಲಿಕ್ ಎಂದು ಹೊರಬರುತ್ತದೆ. ಕೈಯನ್ನು ಮೇಜಿನ ಮೇಲೇ ಇಟ್ಟುಕೊಂಡು ತೆಗೆಯಿರಿ, ಅದು ಸಿಡಿದು ಬೀಳುವುದುಂಟು. ಅದನ್ನು ಕಾರ್ಡ್ ರೀಡರಿನಲ್ಲಿ ಹಾಕಿ ಲ್ಯಾಪ್‌ಟಾಪಿಗೆ ಸೇರಿಸಿದರೆ ಡಿಸಿಐಎಂ ಎಂಬ ಫೋಲ್ಡರ್ ಕಾಣುತ್ತದೆ, ಅದರೊಳಗೆ 100ಮೀಡಿಯಾ. ಎಲ್ಲ ಅಲ್ಲಿದೆ.

ನಾವು ಹಳೆಯ ಕಾಲದಲ್ಲಿ ನೆಗೆಟಿವ್ ಇಟ್ಟುಕೊಳ್ಳುತ್ತಿದ್ದೆವು. ಆ ಕಾರ್ಡನ್ನು ನೆಗೆಟಿವ್ ಎಂದೇ ತಿಳಿಯಿರಿ. ಎರಡು ಬೇರೆ ಬೇರೆ ಜಾಗದಲ್ಲಿ ಪ್ರತಿ ಆಗುವವರೆಗೆ ಅದು ದೇವರ ಕೋಣೆಯಲ್ಲಿರಲಿ.

ವೈಫೈ ಹುಡುಗ · ಬುಧವಾರ ರಾತ್ರಿ 9.50

ಕಾರ್ಡ್ ತೆಗೆಯುವ ಗೋಜು ಏಕೆ? ಮಿನಿ 2ರಲ್ಲಿ ಕ್ವಿಕ್ ಟ್ರಾನ್ಸ್‌ಫರ್ ಇದೆ. ಡ್ರೋನ್ ಮತ್ತು ಮೊಬೈಲ್ ಹತ್ತಿರವಿಟ್ಟು ಆ್ಯಪ್‌ನಿಂದ ನೇರವಾಗಿ ಮೂಲ ವಿಡಿಯೊವನ್ನೇ ಇಳಿಸಿಕೊಳ್ಳಬಹುದು. ಕಂಪನಿ ಹೇಳುವ ವೇಗ ಸೆಕೆಂಡಿಗೆ 20 ಎಂಬಿ. ನಾನು ಹಾಗೆಯೇ ಮಾಡುತ್ತೇನೆ.

ಮದುವೆ ಕ್ಯಾಮೆರಾ · ಬುಧವಾರ ರಾತ್ರಿ 10.05

ಒಂದು ತುಣುಕನ್ನು ಆಗಿಂದಾಗಲೇ ಯಾರಿಗಾದರೂ ಕಳಿಸಬೇಕಾದರೆ ಅದು ಒಳ್ಳೆಯ ದಾರಿ, ಒಪ್ಪುತ್ತೇನೆ. ಮೇಡಂ ಅವರ ಲೆಕ್ಕ ಬೇರೆ. ಮಿನಿ 2 ಗರಿಷ್ಠ ಸೆಕೆಂಡಿಗೆ 100 ಮೆಗಾಬಿಟ್ ಬರೆಯುತ್ತದೆ, ಅಂದರೆ ಹನ್ನೆರಡೂವರೆ ಎಂಬಿ. ನಿಮಿಷಕ್ಕೆ 750 ಎಂಬಿ. ಮೂರು ಬ್ಯಾಟರಿಯಲ್ಲಿ ಐವತ್ತು ನಿಮಿಷ ತೆಗೆದಿದ್ದರೂ 37 ಜಿಬಿ ಆಗುತ್ತದೆ. ಅಷ್ಟನ್ನು ಮೊಬೈಲಿಗೆ ಇಳಿಸಿ, ಅಲ್ಲಿಂದ ಮತ್ತೆ ಲ್ಯಾಪ್‌ಟಾಪಿಗೆ ಏರಿಸುವುದು ಒಂದೇ ಹೊರೆಯನ್ನು ಎರಡು ಸಲ ಹೊತ್ತಂತೆ. ಮೊಬೈಲಿನಲ್ಲಿ ಅಷ್ಟು ಜಾಗವೂ ಇರಬೇಕು. ಅಷ್ಟು ಹೊತ್ತು ಡ್ರೋನ್ ಆನ್ ಆಗಿದ್ದು ಕಾಯುತ್ತಲೂ ಇರುತ್ತದೆ.

ಏರಿಯ ಟೀಚರ್ · ಬುಧವಾರ ರಾತ್ರಿ 10.40

ಸರ್, ಕಾರ್ಡ್ ಸಿಕ್ಕಿತು! 64 ಜಿಬಿ ಎಂದು ಬರೆದಿದೆ. ಮನೆಯಲ್ಲಿ ಒಂದು ಹಳೆಯ ಕಾರ್ಡ್ ರೀಡರ್ ಇತ್ತು, ನಮ್ಮ ಯಜಮಾನರು ಹತ್ತು ಹನ್ನೆರಡು ವರ್ಷದ ಹಿಂದೆ ಕ್ಯಾಮೆರಾಕ್ಕೆಂದು ತಂದದ್ದು. ಅದಕ್ಕೆ ಹಾಕಿದೆ. "ಈ ಡಿಸ್ಕನ್ನು ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು" ಎಂದು ಲ್ಯಾಪ್‌ಟಾಪ್ ಕೇಳುತ್ತಿದೆ. ಎರಡು ಗುಂಡಿ ಇವೆ. ನಾನು ಯಾವುದನ್ನೂ ಮುಟ್ಟಿಲ್ಲ. ಕೈ ನಡುಗುತ್ತಿದೆ.

ಕಾಫಿತೋಟ · ಬುಧವಾರ ರಾತ್ರಿ 10.41

ಒತ್ತಬೇಡಿ. ಒತ್ತಬೇಡಿ. ರದ್ದು ಮಾಡಿ, ರೀಡರ್ ಕಳಚಿಬಿಡಿ.

ರಿಪೇರಿ ಮೇಜು · ಬುಧವಾರ ರಾತ್ರಿ 10.58

ಹುಬ್ಬಳ್ಳಿಯಲ್ಲಿ ಮೊಬೈಲ್ ಮತ್ತು ಲ್ಯಾಪ್‌ಟಾಪ್ ರಿಪೇರಿ ಮಾಡುತ್ತೇನೆ. ಅಕ್ಕಾ, ಗಾಬರಿಯಾಗಬೇಡಿ, ನೀವು ಮುಟ್ಟದೇ ಇದ್ದದ್ದೇ ದೊಡ್ಡ ಉಪಕಾರ. ಆ ಸಂದೇಶಕ್ಕೆ "ಕಾರ್ಡ್ ಹಾಳಾಗಿದೆ" ಎಂಬ ಅರ್ಥವೇ ಬರಬೇಕಿಲ್ಲ. "ನನಗೆ ಇದನ್ನು ಓದಲು ಬರುತ್ತಿಲ್ಲ" ಎಂದು ಕಂಪ್ಯೂಟರ್ ಹೇಳುತ್ತಿದೆ, ಅಷ್ಟೇ.

32 ಜಿಬಿವರೆಗಿನ ಕಾರ್ಡುಗಳನ್ನು ಎಸ್‌ಡಿಎಚ್‌ಸಿ ಎನ್ನುತ್ತಾರೆ, ಅವುಗಳಲ್ಲಿ ಬರವಣಿಗೆಯ ಪದ್ಧತಿ ಫ್ಯಾಟ್32. ಅದಕ್ಕಿಂತ ದೊಡ್ಡವು ಎಸ್‌ಡಿಎಕ್ಸ್‌ಸಿ, ಅವುಗಳಲ್ಲಿ ಎಕ್ಸ್‌ಫ್ಯಾಟ್. ಹಳೆಯ ರೀಡರುಗಳಲ್ಲಿ ಎಷ್ಟೋ 64 ಜಿಬಿ ಕಾರ್ಡನ್ನು ಸರಿಯಾಗಿ ಗುರುತಿಸುವುದಿಲ್ಲ, ಆಗ ಇದೇ ಪ್ರಶ್ನೆ ಬರುತ್ತದೆ. ನನ್ನ ಮೇಜಿನ ಮೇಲೆ "ಕಾರ್ಡ್ ಹೋಯಿತು" ಎಂದು ಬರುವವರಲ್ಲಿ ಬಹಳ ಮಂದಿಗೆ ಬೇರೆ ರೀಡರ್ ಹಾಕಿದ ಕೂಡಲೇ ಎಲ್ಲ ತೆರೆದುಕೊಂಡಿದೆ. ಆದರೆ ಅವರಲ್ಲಿ ಕೆಲವರು ಫಾರ್ಮ್ಯಾಟ್ ಒತ್ತಿಯೇ ಬಂದಿರುತ್ತಾರೆ. ಅದು ನನಗೆ ತುಂಬ ನೋವಿನ ವಿಷಯ.

ನಾಳೆ ಪೇಟೆಗೆ ಹೋದಾಗ ಯುಎಸ್‌ಬಿ 3.0 ರೀಡರ್ ಕೇಳಿ ತನ್ನಿ. ಸಿಕ್ಕಿಸುವ ತುದಿಯೊಳಗಿನ ನಾಲಿಗೆ ಸಾಮಾನ್ಯವಾಗಿ ನೀಲಿ ಬಣ್ಣದ್ದು. ಲ್ಯಾಪ್‌ಟಾಪಿನಲ್ಲೂ ಒಳಗೆ ನೀಲಿ ಕಾಣುವ ಕಿಂಡಿಗೇ ಹಾಕಿ. ಕಾರ್ಡನ್ನು ದೊಡ್ಡ ಅಡಾಪ್ಟರಿನಲ್ಲಿ ಕೂರಿಸಿ ಹಾಕುವುದಾದರೆ, ಅದರ ಎಡಗಡೆಯ ಅಂಚಿನಲ್ಲಿ ಒಂದು ಪುಟ್ಟ ಜಾರುಗುಂಡಿ ಇರುತ್ತದೆ. ಅದನ್ನು ಉಗುರಿನಿಂದ ಕೆಳಕ್ಕೆ, ಲಾಕ್ ಕಡೆಗೆ ತಳ್ಳಿ. ಆಗ ಕಂಪ್ಯೂಟರ್ ಓದಬಹುದು, ಬರೆಯಲು ಆಗುವುದಿಲ್ಲ. ಹೆಚ್ಚಿನ ರೀಡರುಗಳು ಇದನ್ನು ಪಾಲಿಸುತ್ತವೆ. ಆ ಬೀಗ ಹಾಕಿದ ಮೇಲೆ ಫಾರ್ಮ್ಯಾಟ್ ಪ್ರಶ್ನೆಗೆ ಹೆದರಬೇಕಾಗಿಲ್ಲ.

ಕಾಫಿತೋಟ · ಬುಧವಾರ ರಾತ್ರಿ 11.20

ಮೇಡಂ ಕೇಬಲ್ ವಿಷಯ ಹಾಗೆಯೇ ಉಳಿಯಿತು, ಅದಕ್ಕೂ ಉತ್ತರ ಹೇಳುತ್ತೇನೆ. ಡ್ರೋನಿನಿಂದ ನೇರ ಕೇಬಲ್ ಹಾಕುವಾಗ ಎರಡು ಕಡೆ ಎಡವುತ್ತೇವೆ. ಒಂದು, ಡ್ರೋನ್ ಆನ್ ಆಗಿರಬೇಕು. ಆಫ್ ಇದ್ದರೆ ಅದು ಬ್ಯಾಟರಿ ಚಾರ್ಜ್ ಮಾಡಿಕೊಳ್ಳುತ್ತದೆ, ಕಂಪ್ಯೂಟರಿಗೆ ಕಾಣುವುದಿಲ್ಲ. ಇನ್ನೊಂದು, ಮನೆಯಲ್ಲಿರುವ ಕೇಬಲುಗಳಲ್ಲಿ ಕೆಲವಕ್ಕೆ ಒಳಗೆ ವಿದ್ಯುತ್ತಿನ ಎಳೆಗಳು ಮಾತ್ರ ಇರುತ್ತವೆ, ಮಾಹಿತಿಯ ಎಳೆಗಳೇ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಗೊತ್ತಾಗದು. ಆ ಕೇಬಲಿನಿಂದ ಮೊಬೈಲಿನ ಫೋಟೊಗಳು ಕಂಪ್ಯೂಟರಿಗೆ ಬರುತ್ತವೆಯೇ ಎಂದು ಮೊದಲು ಪರೀಕ್ಷಿಸಿ. ನೀವು ಮೊಬೈಲಿನಿಂದ ಎಳೆದುಕೊಂಡದ್ದು ಅದೇ ಕೇಬಲಿನಲ್ಲಾದರೆ ಕೇಬಲ್ ಸರಿಯಿದೆ, ಡ್ರೋನ್ ಆಫ್ ಇತ್ತು.

ನನ್ನದು ಡಿಜೆಐಯದೇ ಇನ್ನೊಂದು ಡ್ರೋನ್, ಏರ್ 2ಎಸ್. ನನ್ನ ಮಟ್ಟಿಗೆ ಕೇಬಲ್ ಇಲ್ಲದೆ ಆಗುವುದಿಲ್ಲ. ಅದರೊಳಗೇ 8 ಜಿಬಿ ಸಂಗ್ರಹ ಇದೆ. ಒಮ್ಮೆ ಕಾರ್ಡ್ ಹಾಕಲು ಮರೆತು ಕಾಫಿ ಹೂವಿನ ದಿನ ಹಾರಿಸಿಬಿಟ್ಟಿದ್ದೆ. ತೋಟವೆಲ್ಲ ಬೆಳ್ಳಗೆ ಅರಳುವುದು ಎರಡು ಮೂರು ದಿನ ಮಾತ್ರ. ಮನೆಗೆ ಬಂದು ಕಾರ್ಡ್ ಹುಡುಕಿದರೆ ಕಿಂಡಿಯೇ ಖಾಲಿ. ಎದೆ ಧಸಕ್ಕೆಂದಿತು. ಎಲ್ಲವೂ ಒಳಸಂಗ್ರಹದಲ್ಲಿತ್ತು, ಕೇಬಲ್ ಹಾಕಿದಾಗ ಸಿಕ್ಕಿತು. ಅದರ ಗರಿಷ್ಠ ವೇಗದಲ್ಲಿ 8 ಜಿಬಿ ಏಳು ನಿಮಿಷಕ್ಕೆಲ್ಲ ತುಂಬುತ್ತದೆ, ಆದರೂ ಆ ಏಳು ನಿಮಿಷ ನನಗೆ ಬೇಕಿತ್ತು. ಮಿನಿ 2ರಲ್ಲಿ ಒಳಸಂಗ್ರಹವೇ ಇಲ್ಲ, ಆದ್ದರಿಂದ ಮೇಡಂ ಅವರಿಗೆ ಕಾರ್ಡೊಂದೇ ದಾರಿ.

ಕೇಬಲ್ ಬಳಸುವವರು ಡ್ರೋನನ್ನು ಫ್ಯಾನಿನ ಕೆಳಗಿಡಿ. ಹಾರುವಾಗ ಗಾಳಿಯಿಂದ ತಣ್ಣಗಾಗುವ ಯಂತ್ರ ಅದು, ಮೇಜಿನ ಮೇಲೆ ಅರ್ಧ ಗಂಟೆ ಆನ್ ಇದ್ದರೆ ಹೊಟ್ಟೆ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ.

ಏರಿಯ ಟೀಚರ್ · ಗುರುವಾರ ಸಂಜೆ 6.15

ಶಾಲೆ ಬಿಟ್ಟು ನೇರ ಪೇಟೆಗೆ ಹೋಗಿ ನೀಲಿ ನಾಲಿಗೆಯ ರೀಡರ್ ತಂದೆ. ಅಡಾಪ್ಟರಿಗೆ ಬೀಗ ಹಾಕಿ ಸಿಕ್ಕಿಸಿದೆ. ತೆರೆಯಿತು! ಫಾರ್ಮ್ಯಾಟ್ ಪ್ರಶ್ನೆ ಬರಲೇ ಇಲ್ಲ. ಡಿಜೆಐ_0001ರಿಂದ ಡಿಜೆಐ_0012ವರೆಗೆ ಹನ್ನೆರಡು ವಿಡಿಯೊ. ಮುಖ್ಯ ಶಿಕ್ಷಕರು ತಮ್ಮ ಒಂದು ಟಿಬಿ ಹಾರ್ಡ್ ಡಿಸ್ಕ್ ಕೊಟ್ಟಿದ್ದರು, ಒಂದು ಪ್ರತಿ ಅದಕ್ಕೆ, ಒಂದು ಪ್ರತಿ ಲ್ಯಾಪ್‌ಟಾಪಿಗೆ ಹಾಕಿದೆ. ಸೆಕೆಂಡಿಗೆ 80 ಎಂಬಿ ತೋರಿಸುತ್ತಿತ್ತು. ಸುಮಾರು ಎಂಟೂವರೆ ನಿಮಿಷದಲ್ಲಿ ಒಂದು ಪ್ರತಿ ಮುಗಿಯಿತು.

ಮೊದಲ ವಿಡಿಯೊ ತೆರೆದಾಗ ನಾನು ಅತ್ತುಬಿಟ್ಟೆ. ತೂಬಿನ ಕಲ್ಲುಕಂಬದ ಮೇಲೆ ಒಂದು ನೀರುಕಾಗೆ ರೆಕ್ಕೆ ಬಿಚ್ಚಿ ಕೂತಿದೆ, ಅದರ ರೆಕ್ಕೆಯ ಅಂಚು ಕೂಡ ಕಾಣುತ್ತದೆ. ಮೊಬೈಲಿನ ಪ್ರತಿಯಲ್ಲಿ ಅದು ಒಂದು ಕಪ್ಪು ಚುಕ್ಕೆಯಾಗಿತ್ತು.

ಆದರೆ ಕೊನೆಯ ಫೈಲ್, 0012, ತೆರೆಯುತ್ತಿಲ್ಲ. ಗಾತ್ರ 2.4 ಜಿಬಿ ತೋರಿಸುತ್ತದೆ. ವಿಎಲ್‌ಸಿ ಪ್ಲೇಯರಿನಲ್ಲೂ ತೆರೆಯದು. ತಮ್ಮನಿಗೆ ಫೋನ್ ಸಿಕ್ಕಿತು, ಕೇಳಿದೆ. ಮೂರನೆಯ ಸಲ ಇಳಿಸಿದಾಗ ಜನ ಸುತ್ತುವರಿದರಂತೆ, ಮಕ್ಕಳು ರೆಕ್ಕೆಗೆ ಕೈ ಹಾಕಿಯಾರು ಎಂದು ಹೆದರಿ, ರೆಕಾರ್ಡಿಂಗ್ ನಿಲ್ಲಿಸದೆಯೇ ಆಫ್ ಮಾಡಿ ಬ್ಯಾಟರಿ ತೆಗೆದನಂತೆ. ಬಾಗಿನ ಬಿಟ್ಟದ್ದು ಆ ಫೈಲಿನಲ್ಲೇ ಇದೆ. ನಮ್ಮಮ್ಮ ಮೊರ ಹಿಡಿದು ನೀರಿಗಿಳಿದದ್ದು ಅದರಲ್ಲೇ ಇರಬೇಕು. ಇನ್ನೇನಾದರೂ ದಾರಿ ಇದೆಯೇ?

ಪೆಂಗ್ವಿನ್ ಪ್ರಿಯ · ಗುರುವಾರ ಸಂಜೆ 6.48

ಇದೆ. ಗಾತ್ರ ಸೊನ್ನೆ ತೋರಿಸದೆ 2.4 ಜಿಬಿ ತೋರಿಸುತ್ತಿರುವುದು ತುಂಬ ಒಳ್ಳೆಯ ಲಕ್ಷಣ. ಲೆಕ್ಕ ಹಾಕಿದರೆ ಮೂರು ನಿಮಿಷಕ್ಕೂ ಸ್ವಲ್ಪ ಹೆಚ್ಚಿನ ದೃಶ್ಯ ಅಲ್ಲಿ ಕೂತಿದೆ.

ಎಂಪಿ4 ಫೈಲಿನಲ್ಲಿ ಎರಡು ಭಾಗ. ಒಂದು ಚಿತ್ರಗಳ ರಾಶಿ. ಇನ್ನೊಂದು ಆ ರಾಶಿಯಲ್ಲಿ ಯಾವ ಚಿತ್ರ ಎಲ್ಲಿಂದ ಶುರು, ಎಷ್ಟು ಉದ್ದ ಎಂದು ಬರೆದಿಟ್ಟ ಪರಿವಿಡಿ. ಇದಕ್ಕೆ ಮೂವ್ ಎನ್ನುತ್ತಾರೆ. ಪುಸ್ತಕ ಬರೆದು ಮುಗಿದ ಮೇಲಲ್ಲವೇ ಪುಟಸಂಖ್ಯೆ ಹಾಕಿ ಪರಿವಿಡಿ ಮಾಡುವುದು? ಕ್ಯಾಮೆರಾ ಕೂಡ ರೆಕಾರ್ಡಿಂಗ್ ನಿಲ್ಲಿಸಿದಾಗಲೇ ಅದನ್ನು ಬರೆಯುತ್ತದೆ. ನಡುವೆ ವಿದ್ಯುತ್ ಹೋದರೆ ರಾಶಿ ಉಳಿಯುತ್ತದೆ, ಪರಿವಿಡಿ ಇರುವುದಿಲ್ಲ, ಪ್ಲೇಯರಿಗೆ ಎಲ್ಲಿಂದ ಓದಬೇಕೆಂದು ತಿಳಿಯುವುದಿಲ್ಲ. ಹೊಸ ಪರಿವಿಡಿ ಬರೆಯುವುದೇ ನಮ್ಮ ಕೆಲಸ.

ಆದರೆ ಏನು ಮಾಡುವ ಮುನ್ನವೂ ಇಡೀ ಕಾರ್ಡಿನ ಅಚ್ಚು ತೆಗೆದುಕೊಳ್ಳಿ. ಫೈಲುಗಳ ಪ್ರತಿ ಸಾಲದು, ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಇದ್ದದ್ದು ಇದ್ದಂತೆ. ವಿಂಡೋಸಿನಲ್ಲಿ ವಿನ್32 ಡಿಸ್ಕ್ ಇಮೇಜರ್ ಎಂಬ ಉಚಿತ ಸಾಧನವಿದೆ. ಅದರಲ್ಲಿ "ರೀಡ್" ಎಂಬುದನ್ನೇ ಒತ್ತಬೇಕು, "ರೈಟ್" ಒತ್ತಬಾರದು. ಬೀಗ ಹಾಕಿರುವುದರಿಂದ ಕಾವಲಿದೆ. ಅಚ್ಚಿಗೆ 64 ಜಿಬಿ ಜಾಗ ಬೇಕು, ಹಾರ್ಡ್ ಡಿಸ್ಕಿಗೇ ಬರೆಯಿರಿ.

ಮದುವೆ ಕ್ಯಾಮೆರಾ · ಗುರುವಾರ ಸಂಜೆ 7.10

ಇನ್ನೂ ಸರಳ ದಾರಿ ಒಂದಿದೆ. ಕಾರ್ಡನ್ನು ಅದೇ ಡ್ರೋನಿಗೆ ಮತ್ತೆ ಹಾಕಿ ಆನ್ ಮಾಡಿ, ಐದು ನಿಮಿಷ ಸುಮ್ಮನೆ ಬಿಡಿ. ಅರ್ಧಕ್ಕೆ ನಿಂತ ಫೈಲನ್ನು ಡ್ರೋನ್ ತಾನೇ ಸರಿಪಡಿಸಿದ್ದನ್ನು ನಾನು ಎರಡು ಸಲ ನೋಡಿದ್ದೇನೆ.

ಪೆಂಗ್ವಿನ್ ಪ್ರಿಯ · ಗುರುವಾರ ಸಂಜೆ 7.18

ಸರ್, ನಿಮ್ಮ ಅನುಭವವನ್ನು ಗೌರವಿಸುತ್ತೇನೆ, ಆ ಪ್ರಯತ್ನವನ್ನೂ ಮಾಡಲಿ. ಆದರೆ ಡ್ರೋನಿಗೆ ಹಾಕಿದ ಕ್ಷಣದಿಂದ ಕಾರ್ಡಿನ ಮೇಲೆ ಬರೆಯುವ ಅಧಿಕಾರ ಡ್ರೋನಿಗೆ ಸಿಗುತ್ತದೆ. ಅದು ಸರಿಪಡಿಸಲೂಬಹುದು, ಕೆಡಿಸಲೂಬಹುದು. ಅಚ್ಚು ತೆಗೆದ ಮೇಲೆ ಏನು ಬೇಕಾದರೂ ಮಾಡಬಹುದು. ಇಪ್ಪತ್ತು ನಿಮಿಷದ ಕೆಲಸಕ್ಕೆ ಹದಿನೇಳು ವರ್ಷದ ನೀರನ್ನು ಪಣಕ್ಕಿಡುವುದು ಬೇಡ.

ಮದುವೆ ಕ್ಯಾಮೆರಾ · ಗುರುವಾರ ಸಂಜೆ 7.31

ಒಪ್ಪಿದೆ. ನಿಮ್ಮದೇ ಸರಿಯಾದ ಕ್ರಮ. ನಾನು ಒಂದು ಮದುವೆಯ ಧಾರೆಯ ದೃಶ್ಯವನ್ನು ಇಂಥ ಅವಸರದಲ್ಲೇ ಕಳೆದುಕೊಂಡೆ. ಕಾರ್ಡ್ ತುಂಬಿತೆಂದು ಮಂಟಪದ ಪಕ್ಕದಲ್ಲೇ ಖಾಲಿ ಮಾಡಿದೆ, ಲ್ಯಾಪ್‌ಟಾಪಿಗೆ ಪ್ರತಿ ಆಗಿದೆ ಎಂದುಕೊಂಡಿದ್ದೆ. ಪ್ರತಿ ಅರ್ಧಕ್ಕೆ ನಿಂತಿತ್ತು. ಹುಡುಗಿಯ ತಂದೆ ಮುಂದಿನ ವರ್ಷ ತೀರಿಕೊಂಡರು. ಅವರು ಮಗಳ ಕೈಗೆ ನೀರು ಬಿಟ್ಟ ದೃಶ್ಯ ಈಗ ಯಾರ ಬಳಿಯೂ ಇಲ್ಲ. ಅಂದಿನಿಂದ ಪ್ರತಿಯ ಒಟ್ಟು ಗಾತ್ರವನ್ನು ಕಾರ್ಡಿನ ಗಾತ್ರದೊಂದಿಗೆ ಬೈಟ್‌ವರೆಗೆ ತಾಳೆ ನೋಡದೆ ಏನನ್ನೂ ಅಳಿಸುವುದಿಲ್ಲ. ಟೆರಾಕಾಪಿಯಂಥ ಸಾಧನದಲ್ಲಿ ಪ್ರತಿ ಮಾಡಿದ ಮೇಲೆ ತಾನೇ ತಾಳೆ ನೋಡುವ ಅನುಕೂಲವಿದೆ, ಅದನ್ನೇ ಬಳಸುತ್ತೇನೆ. ಕೆಲಸಕ್ಕೆ ಹೋಗುವಾಗ ಎರಡು ಖಾಲಿ ಕಾರ್ಡ್ ಜೇಬಿನಲ್ಲಿರುತ್ತವೆ.

ಹಸಿರು ವಲಯ · ಗುರುವಾರ ರಾತ್ರಿ 8.02

ಮೂಲ ವಿಷಯಕ್ಕೆ ಅಡ್ಡ ಬರುವುದಿಲ್ಲ, ಒಂದೇ ಮಾತು. 250 ಗ್ರಾಂ ಮೀರದ ಡ್ರೋನನ್ನು 2021ರ ಡ್ರೋನ್ ನಿಯಮಗಳು ನ್ಯಾನೊ ಎಂದು ಕರೆಯುತ್ತವೆ, ಅದನ್ನು ಹಾರಿಸಲು ಪೈಲಟ್ ಪರವಾನಗಿ ಬೇಡ. ಹಾಗೆಂದು ಎಲ್ಲಿ ಬೇಕಾದರೂ ಹಾರಿಸುವಂತಿಲ್ಲ. ಎಲ್ಲಿ ಹಾರಿಸಬಹುದೆಂದು ಬಣ್ಣಗಳಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕಾಶೆಯಲ್ಲಿ ನಿಮ್ಮೂರು ಯಾವ ಬಣ್ಣದಲ್ಲಿದೆ ಎಂದು ನೋಡಿಕೊಳ್ಳಿ. ಪೂಜೆಗೆ ಸೇರಿದ ಜನರ ನೆತ್ತಿಯ ಮೇಲೆ ಬೇಡ, ನೀರಿನ ಕಡೆಯಿಂದ ತೆಗೆದರೆ ದೃಶ್ಯವೂ ಚೆನ್ನ.

ಏರಿಯ ಟೀಚರ್ · ಶುಕ್ರವಾರ ಬೆಳಿಗ್ಗೆ 5.50

ಧನ್ಯವಾದಗಳು ಸರ್, ತಮ್ಮ ತೆಗೆದದ್ದು ಹೆಚ್ಚಿನದೂ ನೀರಿನ ಕಡೆಯಿಂದಲೇ. ಮುಂದಿನ ಸಲ ನಕಾಶೆ ನೋಡಲು ಹೇಳುತ್ತೇನೆ.

ರಾತ್ರಿ ಅಚ್ಚು ತೆಗೆದೆ. ಆಮೇಲೆ ಬೀಗ ತೆಗೆದು ಕಾರ್ಡನ್ನು ಡ್ರೋನಿಗೆ ಹಾಕಿ ಹತ್ತು ನಿಮಿಷ ಕಾದೆ. 0012 ಇದ್ದ ಹಾಗೆಯೇ ಇದೆ. ಮುಂದೇನು?

ಪೆಂಗ್ವಿನ್ ಪ್ರಿಯ · ಶುಕ್ರವಾರ ಬೆಳಿಗ್ಗೆ 7.20

ಈಗ ಪರಿವಿಡಿ ಕಟ್ಟುವ ಸಾಧನ, ಅನ್‌ಟ್ರಂಕ್. ಇದೂ ಉಚಿತ, ವಿಂಡೋಸಿಗೆ ಗುಂಡಿಗಳಿರುವ ರೂಪ ಸಿಗುತ್ತದೆ. ಅದು ಎರಡು ಫೈಲ್ ಕೇಳುತ್ತದೆ: ಮೊದಲು ಒಂದು ಆರೋಗ್ಯವಂತ ಫೈಲ್, ಆಮೇಲೆ ಕೆಟ್ಟದ್ದು. ಆರೋಗ್ಯವಂತ ಫೈಲ್ ಅದೇ ಡ್ರೋನಿನದಾಗಿರಬೇಕು, ಅದೇ ಅಳತೆಯಲ್ಲಿ, ಸೆಕೆಂಡಿಗೆ ಅಷ್ಟೇ ಚಿತ್ರಗಳ ವೇಗದಲ್ಲಿ ತೆಗೆದದ್ದಾಗಿರಬೇಕು. ಅದರ ಪರಿವಿಡಿ ನೋಡಿ ಕಲಿತು ಇದರ ಪರಿವಿಡಿ ಕಟ್ಟುತ್ತದೆ. ಅದೇ ಹಾರಾಟದ 0011 ನಿಮಗೆ ಹೇಳಿ ಮಾಡಿಸಿದಂತಿದೆ. ಎರಡನ್ನೂ ಹಾರ್ಡ್ ಡಿಸ್ಕಿನಲ್ಲಿ ಬೇರೆ ಫೋಲ್ಡರಿಗೆ ಹಾಕಿಕೊಂಡು, ಆ ಪ್ರತಿಗಳ ಮೇಲೆ ಮಾತ್ರ ಕೆಲಸ ಮಾಡಿ.

ಏರಿಯ ಟೀಚರ್ · ಶುಕ್ರವಾರ ಸಂಜೆ 6.30

ಬಂತು. ಮೂರು ನಿಮಿಷ ನಾಲ್ಕು ಸೆಕೆಂಡ್ ಬಂತು. ಕೊನೆಯ ಕೆಲವು ಸೆಕೆಂಡ್ ಹೋಗಿರಬಹುದು, ಅಷ್ಟರಲ್ಲಿ ಡ್ರೋನ್ ನೆಲಕ್ಕಿಳಿಯುತ್ತಿತ್ತು. ಅಮ್ಮ ಮೊಣಕಾಲುದ್ದ ನೀರಿನಲ್ಲಿ ನಿಂತು ಮೊರವನ್ನು ಮೆಲ್ಲಗೆ ತಳ್ಳುತ್ತಾರೆ. ಮೊರ ಒಮ್ಮೆ ಅವರ ಕಡೆಗೇ ತಿರುಗಿ ಬರುತ್ತದೆ, ಮತ್ತೊಮ್ಮೆ ತಳ್ಳುತ್ತಾರೆ. ಹಸಿರು ಬಳೆ, ಅರಿಶಿನದ ಕೊಂಬು, ಎಲ್ಲ ಕಾಣುತ್ತದೆ.

ಅಮ್ಮನಿಗೆ ತೋರಿಸಿದೆ. ಎರಡು ಸಲ ನೋಡಿ, "ಕೋಡಿಯ ಸದ್ದು ಎಲ್ಲಿ?" ಎಂದು ಕೇಳಿದರು. ವಿಡಿಯೊದಲ್ಲಿ ಶಬ್ದವೇ ಇಲ್ಲ. ಇದೂ ಫೈಲ್ ಕೆಟ್ಟದ್ದರಿಂದಲೇ? ಇನ್ನೊಂದು ತೊಂದರೆ, ನಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ಈ ವಿಡಿಯೊಗಳು ಎಡವಿ ಎಡವಿ ಓಡುತ್ತವೆ. ನಾಳೆ ಪ್ರೊಜೆಕ್ಟರಿನಲ್ಲಿ ಹೀಗಾದರೆ?

ರಿಪೇರಿ ಮೇಜು · ಶುಕ್ರವಾರ ಸಂಜೆ 7.05

ಅಮ್ಮನವರ ದೃಶ್ಯ ಸಿಕ್ಕಿತೆಂದು ಓದಿ ತುಂಬ ಸಂತೋಷವಾಯಿತು ಅಕ್ಕಾ.

ಶಬ್ದ ಹೋದದ್ದಲ್ಲ, ಇರಲೇ ಇಲ್ಲ. ಇಂಥ ಡ್ರೋನುಗಳಿಗೆ ಮೈಕೇ ಇರುವುದಿಲ್ಲ. ಇದ್ದರೂ ಸಿಗುತ್ತಿದ್ದದ್ದು ನಾಲ್ಕು ರೆಕ್ಕೆಗಳ ಗುಂಯ್‌ಗುಡುವ ಸದ್ದು. ಕೋಡಿ ಇನ್ನೂ ಹರಿಯುತ್ತಿದ್ದರೆ ನಾಳೆ ಬೆಳಗಿನ ಜಾವ, ಗಾಡಿಗಳ ಓಡಾಟ ಶುರುವಾಗುವ ಮುನ್ನ, ಮೊಬೈಲನ್ನು ಕೋಡಿಕಲ್ಲಿನ ಬಳಿ ಬಟ್ಟೆಯ ಮೇಲಿಟ್ಟು ಹತ್ತು ನಿಮಿಷ ಸದ್ದು ಹಿಡಿದುಕೊಳ್ಳಿ. ವಿಡಿಯೊದ ಕೆಳಗೆ ಅದನ್ನು ಸೇರಿಸಬಹುದು. ನೀರಿನ ಸದ್ದಿಗೆ ತುಟಿ ಹೊಂದಿಸುವ ಕಷ್ಟವಿಲ್ಲ.

ಎಡವುವುದಕ್ಕೆ ಕಾರಣ ಫೈಲಿನ ಭಾರ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಧನದಲ್ಲಿ 1920ಕ್ಕೆ 1080ರ ಹಗುರ ಪ್ರತಿ ಮಾಡಿ, ಅದನ್ನು ತೋರಿಸಿ. ಶಾಲೆಯ ಪ್ರೊಜೆಕ್ಟರ್ ಅದಕ್ಕಿಂತ ಹೆಚ್ಚು ತೋರಿಸುವುದು ಅಪರೂಪ. ರಾತ್ರಿ ಚಾರ್ಜರ್ ಹಾಕಿ ಬಿಟ್ಟು ಮಲಗಿ. ಮೂಲ ಫೈಲುಗಳು ಹಾಗೆಯೇ ಇರಲಿ.

ಇನ್ನು ಒಂದೇ ಹಾರಾಟ ನಾಲ್ಕು ಫೈಲಾಗಿ ಒಡೆದಿರುವುದನ್ನು ಗಮನಿಸಿರುತ್ತೀರಿ. ಸುಮಾರು 4 ಜಿಬಿ ತುಂಬಿದೊಡನೆ ಡ್ರೋನ್ ಹೊಸ ಫೈಲ್ ಶುರುಮಾಡುತ್ತದೆ, ಐದೂವರೆ ನಿಮಿಷಕ್ಕೊಂದು. ಲಾಸ್‌ಲೆಸ್‌ಕಟ್ ಎಂಬ ಸಾಧನದಲ್ಲಿ ಅವನ್ನು ಗುಣಮಟ್ಟ ಕಳೆದುಕೊಳ್ಳದೆ ಸಾಲಾಗಿ ಹೊಲಿಯಬಹುದು.

ದೂರದೂರು · ಶುಕ್ರವಾರ ರಾತ್ರಿ 9.44

ನಾನು ಮಸ್ಕತ್‌ನಲ್ಲಿದ್ದೇನೆ, ಊರು ನಿಮ್ಮ ಪಕ್ಕದ ತಾಲ್ಲೂಕು. ಬರೀ ಓದುತ್ತಲೇ ಇದ್ದೆ, ಈಗ ಸುಮ್ಮನಿರಲಾಗಲಿಲ್ಲ. ನಾನು ಹುಡುಗನಾಗಿದ್ದಾಗ ನಮ್ಮ ಕೆರೆಯೂ ಕೋಡಿ ಬಿದ್ದಿತ್ತು, ಒಂದು ಫೋಟೊ ಕೂಡ ಯಾರಲ್ಲೂ ಇಲ್ಲ. ಟೀಚರ್, ಸಾಧ್ಯವಾದರೆ ಬಾಗಿನದ ಮೂರು ನಿಮಿಷ ನನಗೂ ಕಳಿಸಿ. ಒಂದು ವಿನಂತಿ, ವಾಟ್ಸ್‌ಆ್ಯಪಿನಲ್ಲಿ ವಿಡಿಯೊ ಎಂದು ಕಳಿಸಿದರೆ ಮತ್ತೆ ಮಬ್ಬಾಗುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ 2 ಜಿಬಿವರೆಗೆ ಇದ್ದ ಹಾಗೆಯೇ ಬರುತ್ತದೆ. ಹಗುರ ಪ್ರತಿಯೇ ಸಾಕು.

ಮೂಲ ಫೈಲುಗಳನ್ನು ಊರಿನವರಿಗೆ ಪೆನ್‌ಡ್ರೈವಿನಲ್ಲಿ ಕೊಡುವಾಗ "ಫೈಲ್ ತುಂಬ ದೊಡ್ಡದು" ಎಂದು ಬಂದರೆ ಅದು ಫ್ಯಾಟ್32 ಪೆನ್‌ಡ್ರೈವ್. 4 ಜಿಬಿ ದಾಟಿದ ಒಂದೇ ಫೈಲನ್ನು ಅದು ಹಿಡಿಯುವುದಿಲ್ಲ, ಒಳಗೆ ಎಷ್ಟೇ ಜಾಗವಿರಲಿ. ಖಾಲಿ ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ. ಹೊಲಿದು ಒಂದು ಮಾಡಿದ ವಿಡಿಯೊಗೆ ಈ ತೊಂದರೆ ಖಂಡಿತ ಬರುತ್ತದೆ.

ಏರಿಯ ಟೀಚರ್ · ಭಾನುವಾರ ಬೆಳಿಗ್ಗೆ 10.20

ಎಲ್ಲರಿಗೂ ನಮಸ್ಕಾರ. ನಿನ್ನೆ ತೋರಿಸಿದೆವು. ಬೆಳಗಿನ ಜಾವ ಹಿಡಿದ ಕೋಡಿಯ ಸದ್ದನ್ನು ಶಾಲೆಯ ಸ್ಪೀಕರಿನಲ್ಲಿ ಬಿಟ್ಟಾಗ ಗಲಾಟೆ ಮಾಡುತ್ತಿದ್ದ ಮಕ್ಕಳೂ ಸುಮ್ಮನಾದರು. ದೂರದೂರು ಅಣ್ಣ, ನಿಮಗೆ ಬಾಗಿನದ ತುಣುಕು ಕಳಿಸುತ್ತಿದ್ದೇನೆ.

ನಾನು ಎಣಿಸದೇ ಇದ್ದದ್ದು ಒಂದು ನಡೆಯಿತು. ನಮ್ಮೂರಲ್ಲಿ ಹಿಂದೆ ನೀರುಗಂಟಿಯಾಗಿದ್ದ ಅಜ್ಜ ಒಬ್ಬರಿದ್ದಾರೆ, ತೂಬು ತೆರೆದು ಅಚ್ಚುಕಟ್ಟಿಗೆ ನೀರು ಹಂಚುತ್ತಿದ್ದವರು. ಎಂಬತ್ತು ದಾಟಿದೆ. ಎರಡನೆಯ ಹಾರಾಟದಲ್ಲಿ ಡ್ರೋನ್ ಕೆರೆಯ ಹಿಂಭಾಗಕ್ಕೆ ತಿರುಗುತ್ತದೆ. ಅಲ್ಲಿ ಅವರು ಕೋಲೆತ್ತಿ "ನಿಲ್ಲಿಸವ್ವ" ಎಂದರು. ನಿಲ್ಲಿಸಿದೆ. ಜಾಲಿಗಿಡಗಳ ನಡುವೆ ಒಂದು ಗೆರೆಯನ್ನು ಕೋಲಿನಿಂದ ತೋರಿಸಿದರು. ಮೇಲಿನ ಕೆರೆಯಿಂದ ನಮ್ಮ ಕೆರೆಗೆ ನೀರು ತರುತ್ತಿದ್ದ ಕಾಲುವೆಯಂತೆ ಅದು. ಹೂಳು ತುಂಬಿ, ಮೇಲೆ ಗಿಡ ಬೆಳೆದು, ನೆಲದ ಮೇಲೆ ನಡೆಯುವವರಿಗೆ ಕಾಣದೇ ಹೋಗಿದೆ. "ಇದು ಮುಚ್ಚಿದ್ದಕ್ಕೇ ಇಷ್ಟು ವರ್ಷ ಕೆರೆ ತುಂಬಲಿಲ್ಲ" ಎಂದರು. ಪಂಚಾಯಿತಿ ಸದಸ್ಯರೂ ಇದ್ದರು, ಎದ್ದು ಬಂದು ಪಂಚೆಯ ಹತ್ತಿರವೇ ನಿಂತು ನೋಡಿದರು. ಸೋಮವಾರ ಆ ಚಿತ್ರ ತನ್ನಿ, ಎಂಜಿನಿಯರಿಗೆ ತೋರಿಸೋಣ ಎಂದಿದ್ದಾರೆ.

ಮನೆಗೆ ಬಂದು ಮೊಬೈಲಿನಲ್ಲಿದ್ದ ಮಬ್ಬು ಪ್ರತಿಯಲ್ಲಿ ಅದೇ ಜಾಗ ಹುಡುಕಿದೆ. ಗೆರೆ ಕಾಣುವುದಿಲ್ಲ.

ಮೂಲ ವಿಡಿಯೊದಿಂದ ಆ ಒಂದು ಕ್ಷಣವನ್ನು ಫೋಟೊ ಆಗಿ ತೆಗೆಯುವುದು ಹೇಗೆ? ಜಾಗ ಎಲ್ಲಿ ಎಂದು ನಿಖರವಾಗಿ ಹೇಳಲು ಸಾಧ್ಯವೇ?

ಪೆಂಗ್ವಿನ್ ಪ್ರಿಯ · ಭಾನುವಾರ ಬೆಳಿಗ್ಗೆ 10.46

ಎರಡೂ ಸಾಧ್ಯ. ಮೂಲ ಫೈಲನ್ನೇ ವಿಎಲ್‌ಸಿಯಲ್ಲಿ ತೆರೆದು ಆ ಜಾಗದಲ್ಲಿ ನಿಲ್ಲಿಸಿ. ಇ ಕೀಲಿ ಒತ್ತಿದರೆ ಒಂದೊಂದೇ ಚಿತ್ರ ಮುಂದಕ್ಕೆ ಹೋಗುತ್ತದೆ, ಅಲುಗದೆ ಸ್ಪಷ್ಟವಾಗಿರುವುದನ್ನು ಆರಿಸಿಕೊಳ್ಳಿ. ಆಮೇಲೆ ಶಿಫ್ಟ್ ಹಿಡಿದು ಎಸ್ ಒತ್ತಿ. ಪಿಕ್ಚರ್ಸ್ ಫೋಲ್ಡರಿನಲ್ಲಿ ಫೋಟೊ ಕೂತಿರುತ್ತದೆ, ಎಂಬತ್ತು ಲಕ್ಷಕ್ಕೂ ಹೆಚ್ಚು ಚುಕ್ಕೆಗಳ ಪೂರ್ಣ ಅಳತೆಯಲ್ಲಿ. ದೊಡ್ಡ ಹಾಳೆಯಲ್ಲಿ ಮುದ್ರಿಸಿಕೊಂಡು ಹೋಗಿ.

ಜಾಗಕ್ಕೆ, ಕಾರ್ಡಿನ ಅದೇ ಫೋಲ್ಡರಿನಲ್ಲಿ ವಿಡಿಯೊದ ಹೆಸರೇ ಇರುವ, ಕೊನೆಯಲ್ಲಿ ಎಸ್‌ಆರ್‌ಟಿ ಎಂದಿರುವ ಪುಟ್ಟ ಫೈಲುಗಳಿವೆಯೇ ನೋಡಿ. ನಿಮ್ಮ ತಮ್ಮ ವಿಡಿಯೊ ಶೀರ್ಷಿಕೆಯ ಆಯ್ಕೆ ಆನ್ ಇಟ್ಟಿದ್ದರೆ ಅವು ಇರುತ್ತವೆ. ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಯಾವ ಸೆಕೆಂಡಿನಲ್ಲಿ ಡ್ರೋನ್ ಎಲ್ಲಿತ್ತು, ಎಷ್ಟು ಎತ್ತರದಲ್ಲಿತ್ತು ಎಂಬುದು ಅಕ್ಷಾಂಶ ರೇಖಾಂಶದೊಂದಿಗೆ ಸಾಲುಸಾಲಾಗಿ ಬರೆದಿರುತ್ತದೆ. ಅದು ಡ್ರೋನ್ ನಿಂತ ಜಾಗ, ಕಾಲುವೆ ಅದರ ಮುಂದೆ ಸ್ವಲ್ಪ ದೂರದಲ್ಲಿರುತ್ತದೆ. ಅಲ್ಲಿಗೆ ಎಂಜಿನಿಯರರ ಜೊತೆ ಅಜ್ಜನನ್ನೂ ಕರೆದುಕೊಂಡು ಹೋಗಿ.

ಏರಿಯ ಟೀಚರ್ · ಭಾನುವಾರ ಬೆಳಿಗ್ಗೆ 11.30

ಎಸ್‌ಆರ್‌ಟಿ ಫೈಲುಗಳು ಇವೆ! ಹನ್ನೊಂದು ವಿಡಿಯೊಗೂ ಇವೆ. ಫೋಟೊ ಬಂತು, ಗೆರೆ ಸ್ಪಷ್ಟವಾಗಿದೆ. ಪೇಟೆಯಲ್ಲಿ ಮುದ್ರಿಸಲು ಈಗಲೇ ಹೊರಟೆ. ಅಜ್ಜನಿಗೂ ಒಂದು ಪ್ರತಿ ತೆಗೆಸುತ್ತೇನೆ.